ಹೆರಿಗೆ ಕಲ್ಲಿನ ಬರಹ

ನಮ್ಮ ಮನೆಯಲ್ಲಿ ಒಂದು ಕಲ್ಲಿತ್ತು. ನಿಂಬೆಹಣ್ಣಿಗಿಂತ ಸ್ವಲ್ಪ ದೊಡ್ಡದು, ಕಡು ಹಸಿರು ಬಣ್ಣ, ಮೇಲೆ ಉಬ್ಬು, ಕೆಳಗೆ ಚಪ್ಪಟೆ. ನಮ್ಮ ಅಜ್ಜಿ ಸೂಲಗಿತ್ತಿ. ಹುಣಸೂರಿನ ಬೀದಿಗಳಲ್ಲಿ, ಎಚ್.ಡಿ. ಕೋಟೆ ಕಡೆಯ ಹಾಡಿಗಳಲ್ಲಿ, ಪಿರಿಯಾಪಟ್ಟಣದ ದಾರಿಯ ಹಳ್ಳಿಗಳಲ್ಲಿ ಯಾರಿಗೆ ನೋವು ಕಾಣಿಸಿಕೊಂಡರೂ ಗಾಡಿ ಬಂದು ನಮ್ಮ ಬಾಗಿಲಲ್ಲಿ ನಿಲ್ಲುತ್ತಿತ್ತು. ಅಜ್ಜಿ ರಾಗಿ ಮಡಕೆಯೊಳಗೆ ಹೂತಿಟ್ಟಿದ್ದ ಕಲ್ಲನ್ನು ತೆಗೆದು, ಹರಳೆಣ್ಣೆ ಸವರಿ, ಸೆರಗಿನ ತುದಿಗೆ ಗಂಟು ಹಾಕಿಕೊಂಡು ಹೊರಡುತ್ತಿದ್ದಳು. ಹೆರುವವಳ ಬಲಗೈಯಲ್ಲಿ ಅದನ್ನಿಟ್ಟು ಬೆರಳು ಮಡಿಸಿ, "ನಿನ್ ನೋವೆಲ್ಲ ಇದುಕ್ಕೆ ಕೊಡವ್ವ, ಗಟ್ಯಾಗಿ ಅಮುಕು" ಎನ್ನುತ್ತಿದ್ದಳು. ಒಕ್ಕಲಿಗರ ಮನೆಯಾಗಲಿ, ಗಾಡಿ ಕೆಲಸದ ಮುಸಲ್ಮಾನರ ಬೀದಿಯಾಗಲಿ, ಕಲ್ಲು ಬಂತೇ ಎಂದು ಕೇಳಿದ ಮೇಲೆಯೇ ಅಜ್ಜಿ ಬಂದಳೇ ಎಂದು ಕೇಳುತ್ತಿದ್ದರು. ಇದಕ್ಕೆ ಅಜ್ಜಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಇತ್ತು.

ಕಲ್ಲಿಗೆ ಒಂದು ಮಡಿ ಇತ್ತು. ಅದು ಸಾವಿನ ಮನೆಯ ನೆರಳನ್ನೂ ತುಳಿಯಬಾರದು. ಬೀದಿಯಲ್ಲಿ ಹೆಣ ಹೋಗುತ್ತಿದ್ದರೆ ಅಜ್ಜಿ ಗಾಡಿ ತಿರುಗಿಸಿಕೊಂಡು ಒಂದು ಮೈಲಿ ಸುತ್ತಿ ಹೋಗುತ್ತಿದ್ದಳು. ಅತ್ತ ಹೆರುವ ಹೆಂಗಸು ಅರಚುತ್ತಿದ್ದರೂ ಸರಿಯೇ. ಸೂತಕದವರು ಗಾಡಿ ಹೊಡೆಯುವಂತಿಲ್ಲ. ಒಮ್ಮೆ ಹಾರನಹಳ್ಳಿಯ ದಾರಿಯಲ್ಲಿ ಗಾಡಿಯವನ ದೊಡ್ಡಪ್ಪ ತೀರಿ ಒಂಬತ್ತು ದಿನವಾಗಿದೆಯೆಂದು ತಿಳಿದು, ಇಳಿದು ಉಳಿದ ದಾರಿಯನ್ನು ನಡೆದೇ ಹೋದಳಂತೆ.

ಕಲ್ಲು ತಂದದ್ದು ನಮ್ಮ ತಾತ. ಮೊದಲ ಮಹಾಯುದ್ಧದಲ್ಲಿ ಮಹಾರಾಜರ ಕುದುರೆ ಪಡೆಯ ಜೊತೆ ಲಾಯದ ಆಳಾಗಿ ಸೂಯೆಜ್ ತನಕ ಹೋಗಿಬಂದವನು. ಅಲ್ಲಿನ ಬಜಾರಿನಲ್ಲಿ ಯಾರೋ ಕೊಟ್ಟರು, ಅಲ್ಲಿನ ಹೆಂಗಸರು ಇದನ್ನು ಹಿಡಿದುಕೊಂಡೇ ಹೆರುತ್ತಾರೆ ಎಂದು ಅಜ್ಜಿಗೆ ಹೇಳಿದ್ದನಂತೆ. ಅಜ್ಜಿ ಅದನ್ನು ಆಮೆ ಎಂದು ತಿಳಿದಿದ್ದಳು. ನಾವೆಲ್ಲ ಹಾಗೇ ತಿಳಿದಿದ್ದೆವು. ಅಡಿಯ ಚಪ್ಪಟೆ ಭಾಗದಲ್ಲಿ ಹಕ್ಕಿ, ಹಾವು, ಕಾಲು, ಕಣ್ಣು ಎಂದು ಸಣ್ಣ ಸಣ್ಣ ಕೆತ್ತನೆಗಳಿದ್ದವು. ಅವು ಚಿತ್ತಾರ ಎಂದುಕೊಂಡಿದ್ದೆವು.

ಅರವತ್ತರ ದಶಕದ ಕೊನೆಯಲ್ಲಿ ನಾನು ಕೆ.ಆರ್. ನಗರದ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿ ಸೇರಿದೆ. ಇಪ್ಪತ್ಮೂರು ವರ್ಷ, ಬಿ.ಎ. ಪಾಸು, ನಮ್ಮ ವಂಶದಲ್ಲಿ ಮೊದಲು ಪ್ಯಾಂಟು ಹಾಕಿದವನು. ಆಗಿನ ನನ್ನನ್ನು ಈಗಿನ ನಾನು ಕಂಡರೆ ಕಪಾಳಕ್ಕೆ ಎರಡು ಬಿಗಿಯುತ್ತೇನೆ, ಅಷ್ಟು ಕೊಬ್ಬು. ಒಂದು ದಿನ ಮೈಸೂರಿನ ಹಳೇ ಪುಸ್ತಕದ ಅಂಗಡಿಯಲ್ಲಿ ಈಜಿಪ್ಟಿನ ಚಿತ್ರಲಿಪಿಯನ್ನು ಓದಲು ಕಲಿಸುವ ಇಂಗ್ಲಿಷ್ ಪುಸ್ತಕವೊಂದು ಸಿಕ್ಕಿತು. ರಟ್ಟು ಕಿತ್ತುಹೋಗಿತ್ತು, ಗೆದ್ದಲು ಹಿಡಿದಿತ್ತು. ರೈಲಿನಲ್ಲಿ ವಾಪಸು ಬರುವಾಗ ಪುಟ ತಿರುವಿದೆ. ಗೂಬೆ, ನೀರಿನ ಅಲೆ, ಕಾಲು, ಹದ್ದು. ಇವನ್ನು ಎಲ್ಲೋ ನೋಡಿದ್ದೇನಲ್ಲ ಎಂದುಕೊಳ್ಳುತ್ತಿದ್ದವನಿಗೆ ಇದ್ದಕ್ಕಿದ್ದಂತೆ ನಮ್ಮ ರಾಗಿ ಮಡಕೆ ನೆನಪಾಯಿತು. ಎದ್ದು ನಿಂತುಬಿಟ್ಟೆ. ಪಕ್ಕದಲ್ಲಿ ಕೂತಿದ್ದ ಎಲೆ ವ್ಯಾಪಾರಿ, ಯಾಕೆ ಮೇಷ್ಟ್ರೇ, ಟಿಕೀಟು ಕಳಕೊಂಡ್ರಾ ಎಂದು ಕೇಳಿದ.

ಆ ಶನಿವಾರವೇ ಹುಣಸೂರಿಗೆ ಹೋದೆ. ಅಜ್ಜಿ ಹೊಳೆಗೆ ಹೋಗಿದ್ದಾಗ ಕಲ್ಲು ತೆಗೆದು, ಅಡಿಯ ಮೇಲೆ ಗಾಳಿಪಟದ ತೆಳು ಕಾಗದ ಹಾಸಿ, ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡೆ. ಮೇಲಿನ ಎರಡು ಸಾಲು ಮೂಡಲೇ ಇಲ್ಲ. ಐವತ್ತು ವರ್ಷದ ಹರಳೆಣ್ಣೆ, ಅರಿಸಿನ, ರಾಗಿಯ ಧೂಳು ಅಲ್ಲಿ ಗಾರೆಯ ಹಾಗೆ ಕೂತಿತ್ತು. ಕೆಳಗಿನ ಸಾಲುಗಳು ಸ್ಪಷ್ಟವಾಗಿದ್ದವು. ಸ್ಕೂಲು ಬಿಟ್ಟ ಮೇಲೆ ಬಾಡಿಗೆ ರೂಮಿನಲ್ಲಿ ಕೂತು ಒಂದೊಂದೇ ಚಿಹ್ನೆ ಬಿಡಿಸತೊಡಗಿದೆ. ಹಕ್ಕಿಗಳ ಮುಖ ಯಾವ ಕಡೆಗಿದೆಯೋ ಆ ಕಡೆಯಿಂದ ಓದಬೇಕು ಎಂಬುದು ತಿಳಿಯುವಷ್ಟರಲ್ಲಿ ಒಂದು ತಿಂಗಳು ಉಲ್ಟಾ ಓದಿ ಆಗಿತ್ತು. ಒಂದು ಸಾಲಿನಲ್ಲಿ ತಕ್ಕಡಿ ಕಂಡಾಗ ಇದು ಯಾವನೋ ಶೆಟ್ಟಿಯ ಮುದ್ರೆ ಎಂದುಕೊಂಡೆ. ಗೊತ್ತಾದ ಸಾಲನ್ನು ಒಂದು ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೆ ಇಳಿಸುತ್ತ ಹೋದೆ.

ಈ ಹೊತ್ತಿಗೆ ನಮ್ಮಕ್ಕ ಹೆರಿಗೆಗೆಂದು ಸರಗೂರಿನಿಂದ ಬಂದಿದ್ದಳು. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಅವ್ವ ಕಾಫಿ ಬೀಜ ಆರಿಸುವ ಕೆಲಸಕ್ಕೆ ಹೋಗುತ್ತಿದ್ದುದರಿಂದ ನನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳೇ. ನಾನು ಹುಟ್ಟಿದ್ದರಿಂದ ಅವಳು ಶಾಲೆಗೆ ಹೋಗಲಿಲ್ಲ. ಅವಳು ಹೋಗದಿದ್ದುದರಿಂದ ನಾನು ಹೋದೆ. ಅವಳಿಗೆ ಎರಡು ಹೆರಿಗೆಯಾಗಿ ಎರಡು ಕೂಸೂ ಉಸಿರಿಲ್ಲದೆ ಬಂದಿದ್ದವು. ಎರಡೂ ಗಂಡನ ಮನೆಯಲ್ಲಿ, ಎರಡು ಸಲವೂ ಕಲ್ಲು ಬೇರೆಲ್ಲೋ ಹೋಗಿತ್ತು. ಕಲ್ಲು ಇರಲಿಲ್ಲ, ಅದಕ್ಕೇ ಹೋದವು ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಈ ಸಲ ಏಳು ತಿಂಗಳಿಗೇ ಬಂದು ಕೂತು, ದಿನವೂ ಬಿಸಿಲು ಕಾಯುತ್ತ ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು ಅಭ್ಯಾಸ ಮಾಡುತ್ತಿದ್ದಳು.

ಮುಂದಿನದು ನಡೆದದ್ದು ಒಂದು ಶನಿವಾರ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿ. ಎಲ್ಲರೂ ಮನೆಗೆ ಹೋಗಿದ್ದರು. ಗೂಬೆಯಿಂದ ಶುರುವಾಗುವ ಒಂದು ಸಾಲು ಎರಡು ವಾರದಿಂದ ಕಾಡುತ್ತಿತ್ತು. ಆ ಗೂಬೆ ಅಲ್ಲಿ 'ಬೇಡ' ಎನ್ನುತ್ತಿದೆ ಎಂದು ಹೊಳೆದದ್ದೇ ತಡ, ಸಾಲು ತಾನಾಗಿ ಬಿಚ್ಚಿಕೊಂಡಿತು. ನನ್ನ ಎದುರು ಸಾಕ್ಷಿಯಾಗಿ ನಿಲ್ಲಬೇಡ. ತಕ್ಕಡಿ ಹಿಡಿದವನ ಮುಂದೆ ನನಗೆ ವಿರುದ್ಧವಾಗಿ ನುಡಿಯಬೇಡ. ಯಾರು ಯಾರಿಗೆ ಹೇಳುತ್ತಿದ್ದಾರೆ? ಪುಸ್ತಕದ ಹಿಂದಿನ ಪುಟಗಳನ್ನು ಹುಡುಕಿದೆ. ಅಲ್ಲಿ ನಮ್ಮ ಕಲ್ಲಿನದೇ ಚಿತ್ರ ಇತ್ತು. ಅದು ಆಮೆಯಲ್ಲ, ಸಗಣಿ ಹುಳ. ಸತ್ತವರ ಹೆಣಕ್ಕೆ ಬಟ್ಟೆ ಸುತ್ತುವಾಗ ಎದೆಯ ಮೇಲೆ ಇಡುತ್ತಿದ್ದ ಕಲ್ಲು. ಪರಲೋಕದಲ್ಲಿ ಪಾಪಪುಣ್ಯ ತೂಗುವಾಗ ಅವರ ಹೃದಯವೇ ಅವರ ಮೇಲೆ ಚಾಡಿ ಹೇಳದಿರಲಿ ಎಂಬ ಬೇಡಿಕೆ ಅದರ ಮೇಲೆ ಕೆತ್ತಿರುತ್ತಿತ್ತು.

ಹೆಣ ಕಂಡರೆ ಮೈಲಿ ಸುತ್ತಿ ಹೋಗುತ್ತಿದ್ದ ಅಜ್ಜಿ, ಹೆಣದ ಎದೆಯಿಂದ ಕಿತ್ತ ಕಲ್ಲನ್ನು ಸೆರಗಿನಲ್ಲಿ ಕಟ್ಟಿಕೊಂಡು ಐವತ್ತು ವರ್ಷ ತಿರುಗಿದ್ದಾಳೆ. ನಮ್ಮಕ್ಕ ಈಗ ಅದನ್ನು ಹಿಡಿದು ಬಿಸಿಲಿನಲ್ಲಿ ಕೂತಿದ್ದಾಳೆ. ಇಷ್ಟು ಯೋಚಿಸಿದವನು ಇನ್ನೂ ಒಂದು ಹೆಜ್ಜೆ ಯೋಚಿಸಿ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಗಾಬರಿಯ ಅಡಿಯಲ್ಲೇ ಇನ್ನೊಂದು ಕುಣಿಯುತ್ತಿತ್ತು. ಓದಿದೆ, ನಾನೊಬ್ಬನೇ ಓದಿದೆ. ಅದು ಹೆಮ್ಮೆ. ಹುಣಸೂರಿನ ಬಸ್ಸು ಹತ್ತಿದಾಗ ಆ ಹೆಮ್ಮೆಯೇ ನನ್ನನ್ನು ನೂಕಿಕೊಂಡು ಹೋಯಿತು.

ಎಲ್ಲರೂ ಊಟಕ್ಕೆ ಕೂತಿದ್ದರು. ಅವ್ವ ಮುದ್ದೆ ಇಡುತ್ತಿದ್ದಳು. ನಾನು ಕಾಲು ತೊಳೆಯದೆಯೇ ಹೇಳಿಬಿಟ್ಟೆ. "ಅಜ್ಜಿ, ನಿನ್ನ ಕಲ್ಲಿನ ಮೇಲಿರೋದು ಬರಹ. ನಾನು ಓದಿದೀನಿ. ಅದು ಹೆಣದ ಎದೆ ಮೇಲೆ ಇಡೋ ಕಲ್ಲು."

ಅಕ್ಕನ ಕೈ ಸಾರಿನ ಮೇಲೆ ನಿಂತುಹೋಯಿತು. ಆಮೇಲೆ ಅವಳು ಎದ್ದು ಹಿತ್ತಿಲಿಗೆ ಹೋದಳು. ಬಾನಿಯ ನೀರು ಸುರಿದುಕೊಂಡು ಬಲಗೈ ತೊಳೆಯುವುದು ಕೇಳಿಸಿತು. ಬೂದಿ ಹಾಕಿ ತೊಳೆದಳು, ಸೀಗೆಪುಡಿ ಹಾಕಿ ತೊಳೆದಳು, ಮತ್ತೆ ಬೂದಿ ಹಾಕಿ ತೊಳೆದಳು. ಅವ್ವ ಮುದ್ದೆಯ ಕೋಲನ್ನು ನನ್ನ ಬೆನ್ನಿಗೆ ಬೀಸಿದಳು. ಮೇಷ್ಟ್ರಾದ ಮೇಲೆ ನಾನು ತಿಂದ ಮೊದಲ ಏಟು ಅದು, ತಿನ್ನಲೇಬೇಕಾದದ್ದು.

ಅಜ್ಜಿ ಮಾತ್ರ ಅಲ್ಲಾಡಲಿಲ್ಲ. ತಟ್ಟೆ ಪಕ್ಕಕ್ಕೆ ಸರಿಸಿ, "ಪೂರ್ತಿ ಓದಿದ್ಯೇನ್ಲಾ?" ಎಂದು ಕೇಳಿದಳು.

"ಮೇಲಿನ ಎರಡು ಸಾಲು ಕಾಣ್ತಿಲ್ಲ. ಎಣ್ಣೆ ಜಿಡ್ಡು ಕೂತಿದೆ."

"ಅರ್ಧ ಓದಿ ಊರಿಗೆಲ್ಲ ಸಾರಕೆ ಬಂದ್ಬುಟ್ಟ. ಇಸ್ಕೂಲಲ್ಲಿ ಮಕ್ಕಳಿಗೂ ಇಂಗೇ ಕಲಿಸ್ತೀಯಾ?"

ಅಂದಿನಿಂದ ಅಜ್ಜಿ ಕಲ್ಲಿಲ್ಲದೆ ಹೆರಿಗೆಗೆ ಹೋದಳು. ಕೇಳಿದವರಿಗೆ ಬಿರುಕು ಬಿಟ್ಟಿದೆ ಎಂದು ಹೇಳಿದಳು. ಅಕ್ಕನಂತೂ ಬಲಗೈಯಲ್ಲಿ ತನ್ನ ಹೊಟ್ಟೆಯನ್ನೂ ಮುಟ್ಟಿಕೊಳ್ಳುತ್ತಿರಲಿಲ್ಲ. ನಾನು ಕ್ಷಮೆ ಕೇಳಲು ಹೋದರೆ, "ನೀನೇನ್ ಮಾಡ್ದೆ ಬುಡು. ಇದ್ದದ್ ಓದ್ದೆ" ಎಂದಳು. ಅವಳು ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ನಾಲ್ಕು ವಾರ ಕಳೆದು ಒಂದು ಭಾನುವಾರ ಬೆಳಿಗ್ಗೆ ಅಕ್ಕನಿಗೆ ನೋವು ಶುರುವಾಯಿತು. ಹಿಂದಿನ ವಾರ ಆಸ್ಪತ್ರೆಯ ಡಾಕ್ಟರಮ್ಮ ನೋಡಿ ಮಗು ಚೆನ್ನಾಗಿದೆ ಎಂದಿದ್ದರು. ಅಜ್ಜಿಯೂ ಹಾಗೇ ಹೇಳಿದಳು. ಆದರೆ ಹೊತ್ತು ಏರಿದ ಹಾಗೆಲ್ಲ ಅಕ್ಕ ತಿಣುಕುವುದನ್ನೇ ಬಿಟ್ಟಳು. ಎರಡು ಕೈಯನ್ನೂ ಬಿಡಿಸಿ ಚಾಪೆಯ ಮೇಲೆ ಹಾಕಿ, ಗೋಡೆ ನೋಡುತ್ತ, "ಇದೂ ಓಯ್ತದೆ ಕಣಜ್ಜಿ, ನನ್ ಬುಟ್ಬುಡು" ಎನ್ನುತ್ತಿದ್ದಳಂತೆ. ಆಸ್ಪತ್ರೆಗೆ ಒಯ್ಯಲು ಗಾಡಿ ಕಟ್ಟಿಸಿದೆ, ಅವಳು ಏಳಲೇ ಇಲ್ಲ. ಅಜ್ಜಿ ಹೊರಗೆ ಬಂದಳು.

ಅಜ್ಜಿಯ ಕೈಯಲ್ಲಿ ಕಲ್ಲಿತ್ತು. ಅಂಗಳದ ಕಲ್ಲಿನ ಮೇಲೆ ಕೂತು, ಹುಣಸೆಹಣ್ಣು ಮತ್ತು ಬೂದಿ ಹಾಕಿ, ಕಂಚಿನ ತಟ್ಟೆ ಉಜ್ಜುವಂತೆ ಉಜ್ಜಿದಳು. ತೆಂಗಿನ ನಾರು ಹಿಡಿದು ಗೀರುಗಳನ್ನು ಕೆದಕಿದಳು. ಕಪ್ಪು ಜಿಡ್ಡು ನೀರಾಗಿ ಹರಿಯಿತು. "ಓದು. ಮ್ಯಾಲಿಂದ ಓದು" ಎಂದು ಕಲ್ಲನ್ನು ನನ್ನ ಮುಂದೆ ಹಿಡಿದಳು.

ಒಳಗಿನಿಂದ ಅಕ್ಕನ ನರಳಾಟ ಕೇಳುತ್ತಿತ್ತು. ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಮೊದಲ ಸಾಲಿನಲ್ಲಿ ಮನೆಯೊಡತಿ ಎಂಬ ಪದ ಇತ್ತು, ಮುಂದೆ ಹೆಸರಿನ ಜಾಗ ಒಡೆದಿತ್ತು. ಹೆಣ ಒಬ್ಬ ಹೆಂಗಸಿನದು. ಎರಡನೇ ಸಾಲಿನಲ್ಲಿ ಎರಡು ಕಿವಿಯ ಕುಡಿಕೆಯಂಥ ಚಿಹ್ನೆ, ಅದು ಹೃದಯ. ಪಕ್ಕದಲ್ಲಿ ನೀರಿನ ಅಲೆ, ಆಮೇಲೆ ರಣಹದ್ದು. ಹದ್ದು ಎಂದರೆ ಕೆಡುಕೇ ಎಂದುಕೊಂಡು ಪುಟ ತಿರುವಿದರೆ, ಅವರ ಬರಹದಲ್ಲಿ ಆ ಹದ್ದು ಎಂದರೆ ತಾಯಿ. ಮತ್ತೆ ಹೃದಯ, ಮತ್ತೆ ತಾಯಿ. ಬಾಗಿಲಿಗೆ ಹೋಗಿ, ಮುಚ್ಚಿದ ಕದಕ್ಕೆ ಬಾಯಿಟ್ಟು ಕೂಗಿದೆ.

"ಅಕ್ಕ, ಇದು ಒಬ್ಬ ಹೆಂಗಸಿನ ಕಲ್ಲು ಕಣೆ. ಅವಳು ಮೊದಲು ಏನಂದಿದಾಳೆ ಗೊತ್ತಾ? ನನ್ನ ತಾಯಿ ಕೊಟ್ಟ ಹೃದಯವೇ, ನನ್ನ ತಾಯಿ ಕೊಟ್ಟ ಹೃದಯವೇ, ಅಂತ ಎರಡು ಸಲ ಕರೀತಾಳೆ."

ಒಳಗೆ ನರಳಾಟ ನಿಂತಿತು. ಇಷ್ಟು ಸಾಕು, ಗೆದ್ದೆ ಎಂದುಕೊಂಡೆ. ಆಗ ಅಕ್ಕನ ದನಿ ಬಂತು. ಬಾವಿಯ ತಳದಿಂದ ಬಂದ ಹಾಗಿತ್ತು.

"ಅದು ಅವಳ ಅವ್ವನ್ ಸುದ್ದಿ ಆಯ್ತು. ಅವಳ್ಗೆ ಮಕ್ಕಳಿದ್ವಾ?"

ಕಲ್ಲಿನಲ್ಲಿ ಅದಿಲ್ಲ. ಆ ಬರಹದಲ್ಲಿ ಎಲ್ಲೂ ಅದಿಲ್ಲ. ಒಡೆದ ಹೆಸರು, ಹೃದಯ, ಸಾಕ್ಷಿ, ತಕ್ಕಡಿ, ಅಷ್ಟೇ. ಅಜ್ಜಿ ನನ್ನ ಮುಖ ನೋಡುತ್ತಿದ್ದಳು.

"ಇದ್ದರು" ಎಂದೆ.

"ಎಷ್ಟ್ ಜನ?"

"ಏಳು."

"ಎಲ್ಲಾ ಬದುಕಿದ್ವಾ?"

"ಎಲ್ಲಾ ಬದುಕಿದ್ದವು. ಬರ್ದಿದೆ ಇಲ್ಲಿ."

ಅಜ್ಜಿ ಕಲ್ಲನ್ನು ನನ್ನ ಕೈಯಿಂದ ಕಿತ್ತುಕೊಂಡು ಒಳಗೆ ಹೋದಳು. ಹಿಂದೆಯೇ ಅಕ್ಕನ ಮಾತು ಕೇಳಿಸಿತು, "ತತ್ತಾ ಇಲ್ಲಿ." ಮುಂದಿನ ಅರ್ಧ ಗಂಟೆ ಆ ಮನೆಯಿಂದ ಬಂದ ಅರಚಾಟಕ್ಕೆ ಗಾಡಿಯ ಎತ್ತುಗಳು ಬೆದರಿ ನೊಗ ಎಳೆದಾಡಿದವು. ಆಮೇಲೆ ಕೂಸು ಅತ್ತಿತು. ನಾನು ಗಾಡಿಯ ಚಕ್ರ ಹಿಡಿದುಕೊಂಡು ನೆಲದ ಮೇಲೆ ಕುಸಿದು ಕೂತು ಮಗುವಿಗಿಂತ ಜೋರಾಗಿ ಅತ್ತೆ. ಗಾಡಿಯವನು ಏನು ಮಾಡಬೇಕೆಂದು ತಿಳಿಯದೆ ಬೀಡಿ ಕೊಟ್ಟ.

ಹೆಣ್ಣು ಕೂಸು. ಹನ್ನೊಂದನೆಯ ದಿನ ನನ್ನನ್ನು ಒಳಗೆ ಕರೆದಾಗ ಅಕ್ಕ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದಳು. ಅಂಥ ಮುಖವನ್ನು ಅವಳ ಮದುವೆಯ ದಿನವೂ ನಾನು ನೋಡಿರಲಿಲ್ಲ. ನನಗೆ ಖುಷಿಯಾಗಬೇಕಿತ್ತು. ಅಷ್ಟರಲ್ಲಿ ಅವಳು, "ಲೇ ತಮ್ಮ, ಆ ಕಲ್ಲಿನ್ ಓದು ನಂಗೂ ಕಲಿಸ್ಕೊಡು" ಎಂದಳು. "ಏಳು ಮಕ್ಕಳು ಅಂತ ಎಲ್ಲೈತೋ ಅದುನ್ನ ನಾನೇ ಓದ್ಬೇಕು."

ಆ ಲಿಪಿ ಕಲಿಯಲು ಮೊದಲು ಕನ್ನಡ ಬರಬೇಕು ಎಂದು ಹೇಳಿ ಜಾರಿಕೊಂಡೆ. ಕೈಗೂಸಿನ ತಾಯಿ, ಮೂರು ದಿನಕ್ಕೆ ಮರೆಯುತ್ತಾಳೆ ಎಂದು ನನ್ನ ಲೆಕ್ಕ. ಅವಳು ಮರೆಯಲಿಲ್ಲ. ಮುಂದಿನ ಶನಿವಾರ ಸ್ಲೇಟು ತಂದೆಯಾ ಎಂದು ಕೇಳಿದಳು. ಬಾಣಂತಿ ಕೋಣೆಯ ಹೊಗೆಯಲ್ಲಿ ಕೂತು ಅಕ್ಷರ ತಿದ್ದಿದಳು. ಮೂರು ತಿಂಗಳಲ್ಲಿ ಕಾಗುಣಿತ ಮುಗಿಸಿ ಸರಗೂರಿಗೆ ಹೋದವಳು, ಅಲ್ಲಿ ಬಸ್ಸಿನ ಬೋರ್ಡು, ಅಂಗಡಿಯ ಪೊಟ್ಟಣದ ಕಾಗದ, ಬೆಂಕಿಪೊಟ್ಟಣ, ಸಿಕ್ಕಿದ್ದೆಲ್ಲ ಓದುತ್ತಾಳೆ ಎಂದು ಭಾವ ಬಂದಾಗ ನಗುತ್ತ ಹೇಳಿದರು. ಮೂವತ್ತು ದಾಟಿದ ಹೆಂಗಸು ಇಷ್ಟು ಬೇಗ ಕಲಿಯಬಲ್ಲಳು ಎಂದು ನಾನು ಎಣಿಸಿರಲಿಲ್ಲ. ನನ್ನ ಬದಲು ಅವಳು ಶಾಲೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂಬುದನ್ನು ಯೋಚಿಸಲು ನನಗೆ ಧೈರ್ಯವಾಗುತ್ತಿರಲಿಲ್ಲ.

ಎರಡು ವರ್ಷದ ಮೇಲೆ ಮತ್ತೆ ಬಸುರಿಯಾಗಿ ಹುಣಸೂರಿಗೆ ಬಂದಳು. ನಾನು ಶನಿವಾರ ಬಸ್ಸಿಳಿದು ಮನೆ ಮುಟ್ಟಿದರೆ, ಅಕ್ಕ ಜಗುಲಿಯ ಮೇಲೆ ಕಾಲು ಚಾಚಿ ಕೂತು ನನ್ನ ನೋಟ್‌ಬುಕ್ ಓದುತ್ತಿದ್ದಾಳೆ. ಆ ಮನೆಯಲ್ಲಿದ್ದ ನನ್ನ ಟ್ರಂಕಿನ ತಳದಲ್ಲಿ ಹಾಕಿ ನಾನೇ ಮರೆತಿದ್ದ ನೋಟ್‌ಬುಕ್ಕು. ಕಲ್ಲಿನ ಪ್ರತಿ ಸಾಲೂ ಅದರಲ್ಲಿ ಕನ್ನಡದಲ್ಲಿತ್ತು. ಆ ಭಾನುವಾರ ಓದಿದ ಮೇಲಿನ ಸಾಲುಗಳನ್ನೂ ಆಮೇಲೆ ಸೇರಿಸಿದ್ದೆ. ಹೆಸರು ಒಡೆದಿದೆ, ಮಕ್ಕಳ ವಿಷಯ ಇಲ್ಲ ಎಂದು ಅಡಿಯಲ್ಲಿ ನನ್ನದೇ ಕೈಬರಹದ ಟಿಪ್ಪಣಿಯೂ ಇತ್ತು, ಮೇಷ್ಟ್ರ ಬುದ್ಧಿ. ಓಡಿಹೋಗಿ ಕಿತ್ತುಕೊಳ್ಳಬೇಕು ಅನ್ನಿಸಿತು.

ಅಷ್ಟರಲ್ಲಿ ಅಕ್ಕ ತಲೆ ಎತ್ತಿ, ಬೆರಳನ್ನು ಒಂದು ಅಕ್ಷರದ ಮೇಲಿಟ್ಟು ಕೇಳಿದಳು. "ಇದೇನ್ಲಾ ಅಕ್ಷರ?"

"ಕ್ಷಿ."

"ಸಾ... ಕ್ಷಿ" ಎಂದು ಕೂಡಿಸಿಕೊಂಡಳು. ಮತ್ತೆ ತಲೆ ತಗ್ಗಿಸಿ, ಬೆರಳು ಸರಿಸುತ್ತ ಪುಟದ ಕೊನೆಯ ತನಕ ಓದಿದಳು. ಹಾಳೆ ತಿರುವಿ ಆ ಕಡೆ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ನೋಟ್‌ಬುಕ್ ಮಡಿಸಿ, ಸೊಂಟ ಹಿಡಿದು ಎದ್ದು, "ಬಾ, ಉಣ್ಣು" ಎಂದು ಒಳಗೆ ಹೋದಳು. ಭಾನುವಾರ ಸಂಜೆ ಬಸ್ಸು ಹತ್ತುವ ತನಕ ಅವಳ ಕಣ್ಣು ತಪ್ಪಿಸಿಕೊಂಡೇ ತಿರುಗಿದೆ.

ಬುಧವಾರ ಅವಳಿಗೆ ಗಂಡು ಮಗುವಾಯಿತು. ಶನಿವಾರ ಹೋದಾಗ ಅಜ್ಜಿ ಹೇಳಿದಳು, "ಕಲ್ಲನ್ನ ಅವಳೇ ಕೇಳಿ ಈಸ್ಕಂಡ್ಲು." ನನಗೆ ನಂಬಿಕೆಯಾಗಲಿಲ್ಲ. ಓದಿದ್ದು ಅರ್ಥವಾಗಿರಲಿಕ್ಕಿಲ್ಲ ಎಂದು ಒಂದು ಆಸೆ ಮೂಡಿತು. ಅರ್ಥವಾಗುವ ಮೊದಲೇ ಸುಟ್ಟುಬಿಡೋಣವೆಂದು, ಯಾರೂ ಇಲ್ಲದಾಗ ಟ್ರಂಕಿನಿಂದ ನೋಟ್‌ಬುಕ್ ತೆಗೆದು ಒಲೆಯ ಮುಂದೆ ಕೂತೆ. ಕಡೆಯ ಬಾರಿ ಆ ಪುಟ ಬಿಚ್ಚಿದೆ.

'ಮಕ್ಕಳ ವಿಷಯ ಇಲ್ಲ' ಎಂಬ ನನ್ನ ಟಿಪ್ಪಣಿಯ ಮೇಲೆ ಒಂದು ಗೆರೆ ಎಳೆದಿತ್ತು. ಅದರ ಕೆಳಗೆ ಪೆನ್ಸಿಲ್ಲಿನಲ್ಲಿ, ಹಾಳೆ ಹರಿಯುವಷ್ಟು ಒತ್ತಿ, ಒಂದೊಂದು ಅಕ್ಷರ ಹೆಬ್ಬೆರಳಿನಷ್ಟು ದಪ್ಪಕ್ಕೆ ಬರೆದಿತ್ತು. ನಮ್ಮಕ್ಕ ತಾನಾಗಿ ಬರೆದ ಮೊದಲ ವಾಕ್ಯ ಅದೇ ಇರಬೇಕು.

ಅವಳಿಗೆ ಏಳು ಮಕ್ಕಳು. ಎಲ್ಲಾ ಬದುಕಿದವು.